ಕೆಚ್ಚಲು ಬಾವು ಬಂದರೆ ಲೋಳೆಸರ, ಅರಿಶಿನ, ಸುಣ್ಣ ಹಚ್ಚುವ ಬಗೆ

ಹಾಲು ಕರೆಯೋಕೆ ಕೂತಾಗ ಹಸು ಕಾಲು ಜಾಡಿಸಿದರೆ, ಬೈಯುವ ಮೊದಲು ಕೆಚ್ಚಲು ಮುಟ್ಟಿ ನೋಡಿ. ಒಂದು ಕಡೆ ಬಿಸಿಯಾಗಿ, ಗಟ್ಟಿಯಾಗಿ ಊದಿದೆಯಾ? ಮೊದಲ ಮೂರ್ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ. ಒಡೆದ ಹಾಲಿನಂಥ ಚೂರು ಕಂಡರೆ, ಹಾಲು ನೀರುನೀರಾಗಿದ್ದರೆ, ಅದು ಕೆಚ್ಚಲು ಬಾವು.

ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದವರು ನಾಟಿ ಮದ್ದಿನಿಂದ ರೂಪಿಸಿದ ಲೇಪ ಇದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಕೂಡ ರೈತರಿಗೆ ಇದನ್ನೇ ಹೇಳಿಕೊಡುತ್ತದೆ. ಒಂದು ದಿನಕ್ಕೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಬೇಕು. ಸುಣ್ಣ ಅಂದರೆ ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯೋ ಡಬ್ಬಿಯದಲ್ಲ.

ಲೋಳೆಸರದ ಅಂಚಿನ ಮುಳ್ಳು ಮಾತ್ರ ತೆಗೆಯಿರಿ, ಸಿಪ್ಪೆ ಇರಲಿ. ತುಂಡು ಮಾಡಿ, ಉಳಿದ ಎರಡನ್ನೂ ಹಾಕಿ ನುಣ್ಣಗೆ ರುಬ್ಬಿ. ಅರಿಶಿನಕ್ಕೆ ಸುಣ್ಣ ತಾಗಿದ ಕೂಡಲೇ ಆರತಿ ನೀರಿನ ಹಾಗೆ ಕೆಂಪಾಗುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಸುಣ್ಣದ ಕ್ಷಾರಕ್ಕೆ ಬಣ್ಣ ಬದಲಿಸುವುದರಿಂದ ಹಾಗಾಗುತ್ತದೆ. ಊತ ಇಳಿಸೋ ಗುಣ ಇರುವುದೂ ಆ ಕರ್ಕ್ಯುಮಿನ್‌ಗೇ. ರುಬ್ಬಿದ್ದು ಹಳದಿಯಾಗೇ ಉಳಿದರೆ ನಿಮ್ಮ ಸುಣ್ಣ ಸತ್ತುಹೋಗಿದೆ ಅಂತ ಅರ್ಥ, ಬೇರೆ ತನ್ನಿ.

ಹಚ್ಚುವ ಮೊದಲು ಬಾವು ಬಂದ ಭಾಗದ ಹಾಲನ್ನು ಪೂರ್ತಿ ಹಿಂಡಿ ತೆಗೆಯಿರಿ. ಒಳಗೆ ಕೆಟ್ಟ ಹಾಲು ನಿಂತಿದ್ದರೆ ಹೊರಗೆ ಏನು ಬಳಿದರೂ ದಂಡ. ಆ ಹಾಲನ್ನು ಕೊಟ್ಟಿಗೆ ನೆಲಕ್ಕೆ ಚೆಲ್ಲಬೇಡಿ, ಕರುವಿಗೂ ಕುಡಿಸಬೇಡಿ, ದೂರ ಗುಂಡಿಗೆ ಹಾಕಿ. ಆಮೇಲೆ ಕೆಚ್ಚಲು ತೊಳೆದು, ಒಂದು ಹಿಡಿ ಲೇಪಕ್ಕೆ 150ರಿಂದ 200 ಮಿಲಿ ನೀರು ಸೇರಿಸಿ ತೆಳ್ಳಗೆ ಮಾಡಿ, ಊದಿದ ಕಡೆ ಮಾತ್ರ ಅಲ್ಲ, ಇಡೀ ಕೆಚ್ಚಲಿಗೆ ಹಚ್ಚಿ. ಮೊಲೆಯ ತೂತಿನೊಳಗೆ ಮಾತ್ರ ಏನನ್ನೂ ತೂರಿಸಬೇಡಿ.

ಇದನ್ನು ದಿನಕ್ಕೆ 10 ಸಲ ಮಾಡಬೇಕು. ಹೌದು, ಹತ್ತು. ಐದು ದಿನ. ಪ್ರತಿ ಸಲ ಹಳೇ ಲೇಪ ತೊಳೆದು ಹೊಸದು ಹಚ್ಚಬೇಕು. ನಾನೂ ಮೊದಲ ಸಲ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದಪ್ಪಗೆ ಮೆತ್ತಿ, ಅದು ಒಣಗಿ ಚಕ್ಕೆ ಚಕ್ಕೆ ಉದುರೋದನ್ನು ನೋಡಿಕೊಂಡು, ನಾಟಿ ಮದ್ದೆಲ್ಲ ಸುಮ್ನೆ ಅಂತ ಮೂಗು ಮುರಿದಿದ್ದೆ. ಮದ್ದಿನ ತಪ್ಪಲ್ಲ, ನನ್ನ ಸೋಮಾರಿತನ. ಹೊಲದ ಕೆಲಸದ ಮಧ್ಯೆ ಗಂಟೆಗೊಮ್ಮೆ ಕೊಟ್ಟಿಗೆಗೆ ಓಡೋದು ಕಷ್ಟವೇ, ಅದಕ್ಕೆ ಮನೆಯವರೆಲ್ಲ ಸರದಿ ಹಾಕಿಕೊಳ್ಳಿ. ಲೇಪ ದಿನಾ ಹೊಸದಾಗಿ ರುಬ್ಬಿ.

ಜೊತೆಗೆ ಎರಡು ನಿಂಬೆಹಣ್ಣನ್ನು ಹೋಳು ಮಾಡಿ ದಿನಕ್ಕೆ ಎರಡು ಸಲ, ಮೂರು ದಿನ ತಿನ್ನಿಸಿ. ಹಾಲಲ್ಲಿ ರಕ್ತ ಬರುತ್ತಿದ್ದರೆ ಎರಡು ಹಿಡಿ ಕರಿಬೇವಿಗೆ ಬೆಲ್ಲ ಸೇರಿಸಿ ರುಬ್ಬಿ, ದಿನಕ್ಕೆರಡು ಸಲ ಕೊಡಿ.

ಆದರೆ ಹಸು ಮೇವು ಬಿಟ್ಟು ಮಲಗಿದರೆ, ಜ್ವರ ಇದ್ದರೆ, ಬಿಸಿಯಿದ್ದ ಕೆಚ್ಚಲು ತಣ್ಣಗಾಗಿ ನೀಲಿ ತಿರುಗಿದರೆ, ಲೇಪ ಪಕ್ಕಕ್ಕಿಟ್ಟು ಆ ಕ್ಷಣವೇ ಡಾಕ್ಟರಿಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಎರಡು ದಿನದಲ್ಲಿ ಊತ ಇಳಿಯದಿದ್ದರೂ ಅಷ್ಟೇ. ಆ್ಯಂಟಿಬಯೋಟಿಕ್ ಬೇಕಾದಾಗ ಬೇಕೇ ಬೇಕು. ಅದು ಕೊಟ್ಟರೆ ಡಾಕ್ಟರ್ ಹೇಳಿದಷ್ಟು ದಿನ ಹಾಲು ಡೈರಿಗೆ ಹಾಕಬೇಡಿ. ಆ ಹಾಲು ಸರಿಯಾಗಿ ಹೆಪ್ಪೂ ಆಗಲ್ಲ.

ವಾಸಿಯಾಗೋವರೆಗೆ ಈ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಇಲ್ಲದಿದ್ದರೆ ನಿಮ್ಮ ಕೈಯೇ ರೋಗವನ್ನು ಪಕ್ಕದ ಹಸುವಿಗೆ ದಾಟಿಸುತ್ತದೆ. ಕರೆದ ಮೇಲೆ ಮೊಲೆಯ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರುತ್ತದೆ. ಆಗ ಹಸು ಸಗಣಿ ಮೇಲೆ ಮಲಗಬಾರದು. ಅದಕ್ಕೇ ಹುಲ್ಲು ಹಾಕುವುದು ಕರೆಯೋ ಮುಂಚೆ ಅಲ್ಲ, ಕರೆದಾದ ಮೇಲೆ. ತಿನ್ನುತ್ತಾ ನಿಂತಿರುತ್ತದೆ.