ಮಾರ್ಪಡಿಸಿದ ಬುಲೆಟ್ಟಿಗೆ ಹಾಕಿದ ಹಣ, ಮಾರುವಾಗ ಬಂದ ಹಣ

2016ರಲ್ಲಿ ನಾನು ಬೆಂಗಳೂರಿನಲ್ಲಿ 2011ರ ಮಾದರಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಯನ್ನು 78,000 ರೂಪಾಯಿಗೆ ಕೊಂಡು, ಅದನ್ನು ರೇಸ್ ಬೈಕಿನಂತೆ ಕಾಣುವ ಕೆಫೆ ರೇಸರ್ ಆಗಿ ಬದಲಿಸಿ, ಐದು ವರ್ಷ ಓಡಿಸಿ ಮಾರಿದೆ. ಬಗ್ಗಿದ ಹ್ಯಾಂಡಲ್, ಉದ್ದನೆಯ ಟ್ಯಾಂಕ್, ಹಿಂದೆ ಡುಬ್ಬವಿರುವ ಒಂಟಿ ಸೀಟು, ಇಷ್ಟೇ ನನ್ನ ಆಸೆಯಾಗಿತ್ತು. ಅರುವತ್ತು ಸಾವಿರದಲ್ಲಿ ಎಲ್ಲ ಮುಗಿಯುತ್ತದೆಂದು ಲೆಕ್ಕ ಹಾಕಿದ್ದೆ.

ಮುಗಿದದ್ದು 1,06,000 ರೂಪಾಯಿಗೆ. ಕೈಯಿಂದ ಮಾಡಿಸಿದ ಟ್ಯಾಂಕ್ ಮತ್ತು ಸೀಟಿಗೆ 17,500, ಬಣ್ಣಕ್ಕೆ 14,000, ಚಕ್ರ ಮತ್ತು ಅಗಲವಾದ ಟೈರಿಗೆ 21,000, ಹ್ಯಾಂಡಲ್, ಹೆಡ್‌ಲೈಟ್, ಮೀಟರ್ ಹಾಗೂ ವೈರಿಂಗಿಗೆ 16,000, ಸೈಲೆನ್ಸರ್ ಮತ್ತು ಏರ್ ಫಿಲ್ಟರಿಗೆ 9,500 ಹೋಯಿತು. ಉಳಿದ 28,000 ಚಾಸಿಯ ಹಿಂಭಾಗವನ್ನು ಕತ್ತರಿಸಿ ಹೊಸ ಪೈಪನ್ನು ಬಾಗಿಸಿ ಬೆಸೆದದ್ದಕ್ಕೂ ಮೆಕ್ಯಾನಿಕ್ ಕೂಲಿಗೂ ಆಯಿತು. ಒಂದು ಕೆಲಸ ಇನ್ನೊಂದನ್ನು ಎಳೆದು ತರುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಕಂಪನಿಯ ಫಿಲ್ಟರ್ ಡಬ್ಬಿಯನ್ನು ತೆಗೆದು ತೆರೆದ ಫಿಲ್ಟರ್ ಹಾಕಿದರೆ ಎಂಜಿನ್ನಿಗೆ ಗಾಳಿ ಹೆಚ್ಚು ಹೋಗುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲು ಹೆಚ್ಚಿಸಲು ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ ಬದಲಿಸಬೇಕು, ಜೆಟ್ ಹೊಂದಿಸುವುದಕ್ಕೆ ಮೂರು ಸಲ ಗ್ಯಾರೇಜಿಗೆ ಹೋಗಬೇಕು. ಡಬ್ಬಿಯ ಜಾಗ ಖಾಲಿಯಾದ ಮೇಲೆ ಬ್ಯಾಟರಿಯನ್ನು ಸೀಟಿನ ಕೆಳಗೆ ಸೇರಿಸಲು ಇನ್ನೊಂದು ತಟ್ಟೆಯನ್ನು ಬೆಸೆಯಬೇಕು. ಮೊದಲು ಲೀಟರಿಗೆ ಸುಮಾರು 35 ಕಿ.ಮೀ. ಕೊಡುತ್ತಿದ್ದ ಗಾಡಿ ಕೊನೆಗೆ 27ಕ್ಕೆ ಬಂದು ನಿಂತಿತು.

ಕಂಪನಿಯ ಟ್ಯಾಂಕನ್ನು ಮೆಕ್ಯಾನಿಕ್ 1,500ಕ್ಕೆ ಕೇಳಿದ್ದರು. ನಾನು ಕೊಟ್ಟೇಬಿಡುತ್ತಿದ್ದೆ. 'ಕಂಪನಿ ಸಾಮಾನು ಮನೇಲಿರ್ಲಿ, ಅದೇನು ಅನ್ನ ಕೇಳುತ್ತಾ?' ಎಂದು ಅಪ್ಪ ತಡೆದದ್ದರಿಂದ ಟ್ಯಾಂಕ್, ಮುಂದಿನ ಮಡ್‌ಗಾರ್ಡ್, ಸೈಲೆನ್ಸರ್, ಹ್ಯಾಂಡಲ್, ಫಿಲ್ಟರ್ ಡಬ್ಬಿ, ಚಕ್ರಗಳು ಹಾಗೂ ಸೀಟು ಅಟ್ಟ ಸೇರಿದವು. ಹಿಂದಿನ ಮಡ್‌ಗಾರ್ಡ್ ಕತ್ತರಿಸಿದ್ದರಿಂದ ಗುಜರಿಗೆ ಹೋಯಿತು.

2021ರಲ್ಲಿ ಮಾರಲು ಹೊರಟಾಗ 1,40,000 ಎಂದು ಹೇಳಿದೆ. ಬಂದವರೆಲ್ಲ ಫೋಟೋ ತೆಗೆದುಕೊಂಡರು, ಸ್ಟಾರ್ಟ್ ಮಾಡಿಸಿ ಶಬ್ದ ಕೇಳಿದರು, ಆಮೇಲೆ ಆರ್‌ಸಿ ನೋಡಿದರು. ಅದರಲ್ಲಿ ಬಣ್ಣ ಕಪ್ಪು ಎಂದಿದೆ, ಎದುರಿಗೆ ನಿಂತಿರುವ ಗಾಡಿ ಹಸಿರು. ಬಣ್ಣ ಬದಲಿಸಿದ್ದನ್ನು ಆರ್‌ಟಿಒದಲ್ಲಿ ದಾಖಲಿಸಬೇಕಿತ್ತು, ನಾನು ದಾಖಲಿಸಿರಲಿಲ್ಲ. ಚಾಸಿಯ ವಿಷಯ ಇನ್ನೂ ಕಷ್ಟದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಮಾಲೀಕರು ಮಾಡಿಸುವ ಇಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಕೊಳ್ಳುವವರಲ್ಲಿ ಒಬ್ಬರು ಇನ್ನೊಂದು ಮಾತು ಹೇಳಿದರು: 2026ಕ್ಕೆ ಗಾಡಿಗೆ 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಮುಂದೆ ಇದನ್ನು ಹೇಗೆ ನಿಲ್ಲಿಸಲಿ? ನನ್ನಲ್ಲಿ ಉತ್ತರವಿರಲಿಲ್ಲ.

ಹಳೇ ಗಾಡಿಗಳ ವ್ಯಾಪಾರಿಯೊಬ್ಬರು 38,000ಕ್ಕೆ ಕೇಳಿದರು. ಬದಲಾವಣೆ ಮಾಡಿಸದ ಅದೇ ವರ್ಷದ ಗಾಡಿಗಳು ಆಗ 80,000ದ ಆಸುಪಾಸಿನಲ್ಲಿ ಹೋಗುತ್ತಿದ್ದವು. ಸಿಟ್ಟು ಬಂದದ್ದು ನಿಜ, ಆದರೆ ಅವರ ಲೆಕ್ಕ ಸರಿಯಾಗಿತ್ತು. ನಾನು ಹಾಕಿದ ಲಕ್ಷವನ್ನು ಅವರು ಬೆಲೆಗೆ ಕೂಡಿಸಲಿಲ್ಲ, ಗಾಡಿಯನ್ನು ಮೊದಲಿನಂತೆ ಮಾಡಲು ತಗಲುವ ಖರ್ಚನ್ನೂ ತಮ್ಮ ಲಾಭವನ್ನೂ 80,000ದಿಂದ ಕಳೆದರು. ವಿಮೆಯಲ್ಲೂ ಹೀಗೆಯೇ: ಐದು ವರ್ಷದವರೆಗಿನ ಗಾಡಿಯ ಘೋಷಿತ ಮೌಲ್ಯವನ್ನು, ಅಂದರೆ ಗಾಡಿ ಕಳುವಾದರೆ ವಿಮೆಯಿಂದ ಸಿಗುವ ಮೊತ್ತವನ್ನು, ತಯಾರಕರ ಮಾರಾಟ ಬೆಲೆಯಿಂದ ಸವಕಳಿ ಕಳೆದು ಕಟ್ಟುತ್ತಾರೆ, ನಾವು ಹೇಳದೆ ಹಾಕಿಸಿಕೊಂಡ ಟ್ಯಾಂಕು, ಚಕ್ರಗಳು ಅದರೊಳಗೆ ಬರುವುದಿಲ್ಲ.

ಗಾಡಿಯನ್ನು ಮೊದಲಿನಂತೆ ಮಾಡುವ ಆ ಕೆಲಸವನ್ನು ನಾನೇ ಮಾಡಿದರೇನು ಎಂದುಕೊಂಡು ಅಟ್ಟದ ಸಾಮಾನು ಇಳಿಸಿದೆ. ಶಿವಾಜಿನಗರದ ಗುಜರಿಯಲ್ಲಿ ಎರಡು ಭಾನುವಾರ ಅಲೆದು ಹಿಂದಿನ ಮಡ್‌ಗಾರ್ಡನ್ನೂ ಕಳೆದುಹೋಗಿದ್ದ ಚಿಲ್ಲರೆ ಸಾಮಾನುಗಳನ್ನೂ 6,500ಕ್ಕೆ ತಂದೆ. ಚಾಸಿಯ ಹಿಂಭಾಗವನ್ನು ಮತ್ತೆ ಬೆಸೆದು ಎಲ್ಲವನ್ನೂ ಜೋಡಿಸಲು 11,000 ಕೊಟ್ಟೆ. ಬಿಚ್ಚಿದ ಭಾಗಗಳಲ್ಲಿ ಚಕ್ರ ಮತ್ತು ಟೈರು 8,000ಕ್ಕೆ, ಹ್ಯಾಂಡಲ್, ಹೆಡ್‌ಲೈಟ್, ಮೀಟರ್ ಸೇರಿ 4,500ಕ್ಕೆ, ಟ್ಯಾಂಕ್ 3,000ಕ್ಕೆ, ಸೈಲೆನ್ಸರ್ 2,500ಕ್ಕೆ ಹೋದವು. ನನ್ನ ಚಾಸಿಯ ಅಳತೆಗೇ ಹೊಲಿಸಿದ್ದ ಸೀಟನ್ನು ಯಾರೂ ಕೇಳಲಿಲ್ಲ. ಗಾಡಿ 68,000ಕ್ಕೆ ಮಾರಾಟವಾಯಿತು. 80,000ಕ್ಕೆ 12,000 ಕಡಿಮೆಯಾದದ್ದು ಸೀಟಿನ ಕೆಳಗಿದ್ದ ಎರಡು ಬೆಸುಗೆಗಳಿಂದ. ಕೊಂಡವರು ಟಾರ್ಚ್ ಹಾಕಿ ನೋಡಿ, ಬೆರಳಿಟ್ಟು ತೋರಿಸಿಯೇ ಬೆಲೆ ಇಳಿಸಿದರು. ಖರ್ಚು ಕಳೆದು ಕೈಗೆ ಬಂದದ್ದು 68,500, ವ್ಯಾಪಾರಿ ಕೊಡುತ್ತೇನೆಂದದ್ದಕ್ಕಿಂತ 30,500 ಹೆಚ್ಚು. ಆದರೂ ಒಟ್ಟು ಹಾಕಿದ 1,84,000ದಲ್ಲಿ 1,15,500 ಹೋಯಿತು. ಇದರಲ್ಲಿ ಸವಾರಿಯ ಸುಖದ ಪಾಲೆಷ್ಟು, ದಡ್ಡತನದ ಪಾಲೆಷ್ಟು ಎಂದು ನನ್ನ ಹೆಂಡತಿ ಈಗಲೂ ಕೇಳುವುದುಂಟು.

ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ, ಯೆಜ್ಡಿಗಳನ್ನು ಹುಡುಕಿಕೊಂಡು ಬರುವವರು ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತವೆಯೇ, ಟ್ಯಾಂಕ್ ಕಂಪನಿಯದೇ ಎಂದು ಮೊದಲು ನೋಡುತ್ತಾರೆ. 1996ಕ್ಕೆ ನಿಂತುಹೋದ ಯಮಹಾ ಆರ್‌ಎಕ್ಸ್ 100 ವಿಷಯದಲ್ಲೂ ಅಷ್ಟೆ. ಅಂಥ ಗಾಡಿಯೇನಾದರೂ ಮನೆಯಲ್ಲಿದ್ದರೆ ಲೋಹ ಕತ್ತರಿಸುವ ಗ್ರೈಂಡರನ್ನು ಅದರ ಹತ್ತಿರ ತರಬೇಡಿ.

ಈಗ ನನ್ನಲ್ಲಿರುವ ಗಾಡಿಗೆ ಹ್ಯಾಂಡಲ್ ಮತ್ತು ಸೀಟನ್ನು ಮಾತ್ರ ಬದಲಿಸಿದ್ದೇನೆ. ಎರಡೂ ಸ್ಪ್ಯಾನರ್ ಹಿಡಿದು ಒಂದು ಮಧ್ಯಾಹ್ನದಲ್ಲಿ ವಾಪಸು ಹಾಕಬಹುದಾದವು. ಕಂಪನಿಯ ಭಾಗಗಳು ಬಿಲ್ಲುಗಳ ಸಮೇತ ಗೋಣಿಚೀಲದಲ್ಲಿ, ಅದೇ ಅಟ್ಟದ ಮೇಲೆ, ಯಾರೂ ಕೊಳ್ಳದ ಆ ಹಳೇ ಸೀಟಿನ ಪಕ್ಕದಲ್ಲಿವೆ.