ಬಣ್ಣ ಎದ್ದ ಮನೆಗೆ ಎಫ್‌ಎಚ್‌ಎ ಸಾಲ: ನನ್ನ ಅನುಭವ

ಓಹಾಯೋದ ಕೊಲಂಬಸ್‌ನಲ್ಲಿ ನಾವು ಕೊಂಡಿದ್ದು 1956ರಲ್ಲಿ ಕಟ್ಟಿದ ಮನೆ. ಸಾಲ ಎಫ್‌ಎಚ್‌ಎ ಕಡೆಯದು, ಅಂದರೆ ಕೊಡುವುದು ಬ್ಯಾಂಕು, ಅದಕ್ಕೆ ವಿಮೆ ಈ ಅಮೆರಿಕ ಸರ್ಕಾರಿ ಸಂಸ್ಥೆಯದು. ಕೈಯಿಂದ ಹಾಕಿದ್ದು ಶೇ. 3.5. ಈ ಸಾಲದಲ್ಲಿ ಅಪ್ರೈಸರ್ ಸುಮ್ನೆ ಬೆಲೆ ಕಟ್ಟಿ ಹೋಗುವುದಿಲ್ಲ. ಮನೆ ಗಟ್ಟಿಯಾಗಿದೆಯಾ, ವಾಸಕ್ಕೆ ಅಪಾಯವೇನೂ ಇಲ್ಲವಾ ಅಂತಲೂ ನೋಡುತ್ತಾರೆ.

ಒಪ್ಪಂದದ ಬೆಲೆ 2,60,000 ಡಾಲರ್. ಅಪ್ರೈಸಲ್ 2,62,000 ಬಂತು. ಆದರೆ ವರದಿಯಲ್ಲಿ ‘ಆ್ಯಸ್ ಈಸ್’ (ಇದ್ದ ಹಾಗೇ) ಚೌಕ ಖಾಲಿ, ‘ಸಬ್ಜೆಕ್ಟ್ ಟು’ ರಿಪೇರಿ (ರಿಪೇರಿ ಆದರೆ ಮಾತ್ರ) ಅನ್ನುವ ಚೌಕಕ್ಕೆ ಗುರುತು. ರಿಪೇರಿ ಖರ್ಚನ್ನು ಬೆಲೆಯಲ್ಲೇ ಕಳೆದಿರುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಆ 2,62,000 ರಿಪೇರಿ ಆಗಿದೆ ಅಂತಲೇ ಇಟ್ಟುಕೊಂಡು ಕಟ್ಟಿದ ಬೆಲೆ. ಬೆಲೆ ಇಳಿಯುವುದಿಲ್ಲ, ರಿಪೇರಿ ಆಗುವ ತನಕ ಸಾಲ ಸಿಗುವುದಿಲ್ಲ.

ಪಟ್ಟಿಯಲ್ಲಿದ್ದದ್ದು ಎರಡೇ. ವಾಟರ್ ಹೀಟರ್‌ನ ಒತ್ತಡ ಹೆಚ್ಚಾದಾಗ ಬಿಸಿನೀರು ಹೊರಬಿಡುವ ರಿಲೀಫ್ ವಾಲ್ವ್‌ಗೆ ಕೆಳಗಿಳಿಯುವ ಪೈಪ್ ಇರಲಿಲ್ಲ. ಗ್ಯಾರೇಜಿನ ಮರದ ಹಲಗೆಗಳಲ್ಲಿ ಬಣ್ಣ ಎದ್ದಿತ್ತು. ಸವೆದ ಕಾರ್ಪೆಟ್, ಓಬೀರಾಯನ ಕಾಲದ ಅಡುಗೆಮನೆ ಕ್ಯಾಬಿನೆಟ್ ಬಗ್ಗೆ ಒಂದು ಮಾತೂ ಇಲ್ಲ. ಶಿವಮೊಗ್ಗದಿಂದ ಅಪ್ಪ ಫೋನಿನಲ್ಲಿ, “ಬಣ್ಣ ಹೊಡಿ ಅಂತ ಬ್ಯಾಂಕಿನವರು ಹೇಳ್ತಾರೇನೋ?” ಅಂತ ನಕ್ಕರು. ಕಾರಣ ಸೀಸ (ಲೆಡ್), ಮಕ್ಕಳಿಗೆ ವಿಷ. ಅಮೆರಿಕದಲ್ಲಿ ಮನೆ ಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯಲ್ಲಿ ಎದ್ದ ಬಣ್ಣವೆಲ್ಲ ಸೀಸದ್ದೇ ಅಂತ ಎಣಿಸುತ್ತಾರೆ.

ಮಾರುವವರು ಮೊದಲು, “1,500 ಡಾಲರ್ ಬಿಡ್ತೀವಿ, ನೀವೇ ಮಾಡಿಸಿಕೊಳ್ಳಿ” ಅಂದರು. ಕೇಳಲು ಚೆನ್ನಾಗಿದೆ, ಪ್ರಯೋಜನವಿಲ್ಲ. ಬೆಲೆ ಎಷ್ಟೇ ಇಳಿಸಿದರೂ ಆ ಹಲಗೆ ಹಾಗೇ ಇರುತ್ತದಲ್ವಾ? ನಮ್ಮ ಏಜೆಂಟ್, ಶನಿವಾರ ನೀವೇ ಹೋಗಿ ಕೆರೆದುಬಿಡಿ ಅಂದರು. ಅದಕ್ಕೂ ನಾನು ಒಪ್ಪಲಿಲ್ಲ. ವ್ಯವಹಾರ ಮುರಿದುಬಿದ್ದರೆ ಕಂಡವರ ಮನೆಗೆ ಸುಣ್ಣ ಬಳಿದ ಹಾಗೆ. ಮೇಲಾಗಿ ಸೀಸದ ಪುಡಿ, ಮನೆಯಲ್ಲಿ ಚಿಕ್ಕ ಮಗು.

ಹಾಗಾಗಿ ನಾವು ಹೇಳಿದ್ದು ಇಷ್ಟು: ಬೆಲೆ ನಿಮ್ಮದೇ ಇರಲಿ, ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕ ಚಿಲ್ಲರೆ ದೋಷಗಳನ್ನೂ ಕೇಳುವುದಿಲ್ಲ, ಈ ಎರಡು ಕೆಲಸ ಮಾತ್ರ ನೀವೇ ಮಾಡಿಸಿಕೊಡಿ. ನಾಳೆ ಇನ್ನೊಬ್ಬರು ಎಫ್‌ಎಚ್‌ಎ ಸಾಲ ತಂದರೂ ಅಪ್ರೈಸರ್ ಕಣ್ಣು ಅಲ್ಲೇ ಬೀಳುತ್ತದೆ ಅಂತ ಏಜೆಂಟ್ ಕಡೆಯಿಂದ ಹೇಳಿಸಿದೆವು. ಒಪ್ಪಿದರು. ಅವತ್ತೇ ಕ್ಲೋಸಿಂಗ್ (ಹಣ ಕೊಟ್ಟು ಮನೆ ಕೈಗೆ ಬರುವ) ದಿನಾಂಕ ಮುಂದೆ ಹಾಕಿಸಿ, ಬಡ್ಡಿ ದರದ ಲಾಕನ್ನೂ (ಒಪ್ಪಿದ ದರ ಇಂತಿಷ್ಟು ದಿನ ಬದಲಾಗದು ಅನ್ನುವ ಮಾತು) ಇನ್ನಷ್ಟು ದಿನಕ್ಕೆ ಮುಂದುವರಿಸಿಕೊಂಡೆ. ನನ್ನ ಪ್ರಕಾರ ಇಂಥ ವ್ಯವಹಾರದಲ್ಲಿ ಪೈಪ್, ಬಣ್ಣಕ್ಕಿಂತ ದುಬಾರಿ ಬೀಳುವುದು ಲಾಕ್ ತಪ್ಪಿದಾಗ.

ಪೈಪ್ ಕೆಲಸ ಪ್ಲಂಬರ್ ಬಂದು ಹೋಗುವಷ್ಟರಲ್ಲಿ ಮುಗಿಯಿತು. ಬಣ್ಣಕ್ಕೆ ಮಾತ್ರ ಸೀಸದ ಕೆಲಸದ ಸರ್ಟಿಫಿಕೇಟ್ ಇರುವ ಪೇಂಟರೇ ಬೇಕಿತ್ತು. ಕೂಲಿಗೆ ಮಾಡುವವರಿಗೆ ಇಪಿಎ (ಅಮೆರಿಕದ ಪರಿಸರ ಸಂಸ್ಥೆ) ನಿಯಮವಿದೆ. ಅವನು ಗೋಡೆಯ ಬುಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಹಲಗೆಗೆ ನೀರು ಚಿಮುಕಿಸುತ್ತಾ ಕೆರೆದ. ಕೊನೆಗೆ ಹಾಳೆಯನ್ನು ಒಳಮುಖವಾಗಿ ಸುತ್ತಿ ಟೇಪ್ ಹಾಕಿದ. ಮೊದಲೇ ಮಣ್ಣಿಗೆ ಉದುರಿದ್ದ ಚಕ್ಕೆಗಳನ್ನೂ ಆರಿಸಿದ. ಹೊಸ ಬಣ್ಣ ಫಳಫಳ ಅಂದರೂ ನೆಲದ ಮೇಲೆ ಚಕ್ಕೆ ಬಿದ್ದಿದ್ದರೆ ಕೆಲಸ ಮುಗಿದ ಲೆಕ್ಕವಲ್ಲ.

ಮತ್ತೆ ಅದೇ ಅಪ್ರೈಸರ್ ಬಂದರು. ನೇರ ಗ್ಯಾರೇಜಿನ ಹಿಂದಕ್ಕೆ ಹೋಗಿ, ಬಗ್ಗಿ ನೆಲ ನೋಡಿ, ಫೋಟೋ ತೆಗೆದು ಹೊರಟರು. ಆ ಮರುಭೇಟಿಯ 150 ಡಾಲರ್ ನಮ್ಮ ತಲೆಗೇ ಬಂತು. ಕೆಲಸ ಮುಗಿದ ವರದಿ ಸಾಲ ಮಂಜೂರು ಮಾಡುವ ಅಂಡರ್‌ರೈಟರ್ ಕೈ ಸೇರಿತು, ಲಾಕ್ ಮುಗಿಯುವ ಮುಂಚೆಯೇ ಕ್ಲೋಸಿಂಗ್ ಆಯಿತು.