ಒಂದು ಡಾಟ್ ಕಾಮ್‌ಗಾಗಿ ಹದಿನಾಲ್ಕು ತಿಂಗಳು: ನನ್ನ ಅನುಭವ

ಶಿರಸಿಯ ಹತ್ತಿರ ನಮ್ಮದೊಂದು ಸಣ್ಣ ವ್ಯಾಪಾರವಿದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ. 2017ರಲ್ಲಿ ಶುರು ಮಾಡುವಾಗ ಪಕ್ಕದ ಒಂದು ಕೇರಿಯ ಹೆಸರನ್ನೇ ಅಂಗಡಿಗೂ ಇಟ್ಟುಕೊಂಡೆವು. ಅದೇ ಹೆಸರಿನ ಅಂತರ್ಜಾಲ ವಿಳಾಸ, ಅಂದರೆ ಡೊಮೇನ್, ಹುಡುಕಿದಾಗ ಡಾಟ್ ಇನ್ ಸಿಕ್ಕಿತು, ಡಾಟ್ ಕಾಮ್ ಮೊದಲೇ ಯಾರದೋ ಆಗಿತ್ತು. ಆಗ ಅದು ದೊಡ್ಡ ಸಂಗತಿ ಎನಿಸಿರಲಿಲ್ಲ. ಆದರೆ ಬೆಂಗಳೂರಿನ, ದುಬೈಯ ಗಿರಾಕಿಗಳು ಕೈತಪ್ಪಿ ಡಾಟ್ ಕಾಮ್ ಎಂದೇ ಬರೆಯುತ್ತಿದ್ದರು. "ಎರಡು ಸಲ ಮೇಲ್ ಹಾಕಿದೆ, ನಿಮ್ಮಿಂದ ಉತ್ತರವೇ ಇಲ್ಲ" ಎಂದು ಒಬ್ಬರು ಫೋನಿನಲ್ಲಿ ರೇಗಿದ ದಿನ, ಅಂದರೆ 2022ರ ಆಗಸ್ಟ್‌ನಲ್ಲಿ, ಆ ಹೆಸರನ್ನು ಕೊಂಡುಬಿಡೋಣ ಎಂದು ನಿರ್ಧರಿಸಿದೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾರಿದವರ ಗುರುತು ಹತ್ತುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಡೊಮೇನುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಹುಡುಕುತಾಣದಲ್ಲಿ ಹೆಸರು ಹಾಕಿದರೆ ನೋಂದಣಿಯಾದ ವರ್ಷ ಕಂಡಿತು: 2003. ಅವಧಿ ಮುಗಿಯುವುದು ಅಕ್ಟೋಬರ್‌ನಲ್ಲಿ. ಮಾಲೀಕರ ಹೆಸರಿನ ಜಾಗದಲ್ಲಿ ಮಾತ್ರ ಗೋಪ್ಯ ಎಂಬ ಷರಾ. 2018ರ ಮೇ ತಿಂಗಳಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಈ ವಿವರಗಳನ್ನು ಮುಚ್ಚಿಟ್ಟಿದ್ದಾರೆ. ಅದಕ್ಕೂ ಮೊದಲು ಹೆಸರು, ಮನೆಯ ವಿಳಾಸ, ಫೋನ್ ಎಲ್ಲವೂ ಬಟಾಬಯಲಾಗಿರುತ್ತಿದ್ದವು. ಮುಚ್ಚಿಟ್ಟದ್ದು ನ್ಯಾಯವೇ, ಆದರೆ ನನ್ನಂಥವನಿಗೆ ಉಳಿದದ್ದು ಮಾಲೀಕರಿಗೆ ಸಂದೇಶ ತಲುಪಿಸಲು ನೋಂದಣಿ ಕಂಪನಿ ಇಟ್ಟಿರುವ ಒಂದು ಅರ್ಜಿ ನಮೂನೆ. ಅದರಲ್ಲಿ ನಾಲ್ಕು ಸಿದ್ಧ ಕಾರಣಗಳಿದ್ದವು, ನಮ್ಮ ಮಾತು ಬರೆಯಲು ಜಾಗವಿರಲಿಲ್ಲ. ಮೂರು ಸಲ ಕಳಿಸಿದೆ. ಆ ಕಡೆಯಿಂದ ಸದ್ದಿಲ್ಲ.

ತಾಣವನ್ನು ತೆರೆದರೆ ಏನೂ ಬರುತ್ತಿರಲಿಲ್ಲ. ಪಾಳುಬಿದ್ದ ಮನೆ ಎಂದುಕೊಂಡೆ, ಅಲ್ಲೇ ತಪ್ಪಿದೆ. ನಮ್ಮ ತಾಣ ನೋಡಿಕೊಳ್ಳುವ ಹುಡುಗ ಎಂಎಕ್ಸ್ ದಾಖಲೆ ನೋಡಿ, "ತಾಣ ಇಲ್ಲದಿರಬಹುದು ಸರ್, ಮೇಲ್ ಜೀವಂತವಾಗಿದೆ" ಎಂದ. ಆ ಹೆಸರಿಗೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕು ಎಂದು ತಿಳಿಸುವ ದಾಖಲೆ ಅದು. ಹಾಗಿದ್ದರೆ ಇನ್ನೇನು ಎಂದು ಅದೇ ಡೊಮೇನಿನ 'ಇನ್ಫೋ', 'ಕಾಂಟ್ಯಾಕ್ಟ್', 'ಅಡ್ಮಿನ್' ವಿಳಾಸಗಳಿಗೆಲ್ಲ ಬರೆದೆ. ಒಂದೂ ಮರಳಿ ಬರಲಿಲ್ಲ, ಒಂದಕ್ಕೂ ಉತ್ತರವಿಲ್ಲ. ಚೆಂದದ ಇಂಗ್ಲಿಷ್, ಕೆಳಗೆ ಕಂಪನಿಯ ಲಾಂಛನ, 'ವ್ಯವಸ್ಥಾಪಕ ನಿರ್ದೇಶಕ' ಎಂಬ ನನ್ನ ಬಿರುದು. ಇರುವುದು ಆರು ಜನರ ಸಂಸ್ಥೆ ಎಂಬುದು ಬೇರೆ ಮಾತು.

ಈ ನಡುವೆ ಸಲಹೆಗಾರರಿಗೇನೂ ಕೊರತೆಯಿರಲಿಲ್ಲ. ನಮ್ಮ ವಕೀಲ ಮಿತ್ರರೊಬ್ಬರು ನೋಟಿಸ್ ಕೊಡಲು ಉತ್ಸಾಹ ತೋರಿದರು. ಓದಿ ನೋಡಿದೆ. ಡಾಟ್ ಕಾಮ್ ಜಗಳಗಳಿಗೆ 1999ರಿಂದ ಯುಡಿಆರ್‌ಪಿ ಎಂಬ ನೀತಿಯಿದೆ. ಅದರಡಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ದೂರು ಕೊಟ್ಟರೆ ಒಬ್ಬ ತೀರ್ಪುಗಾರರಿಗೇ 1500 ಡಾಲರ್ ಶುಲ್ಕ. ಅದಿರಲಿ, ಎದುರಿನವರು ದುರುದ್ದೇಶದಿಂದಲೇ ಹೆಸರನ್ನು ನೋಂದಾಯಿಸಿದರು ಮತ್ತು ಹಾಗೆಯೇ ಬಳಸುತ್ತಿದ್ದಾರೆ ಎಂದು ಎರಡನ್ನೂ ತೋರಿಸಬೇಕು. ಅವರು ಪಡೆದದ್ದು 2003ರಲ್ಲಿ, ನಾವು ಹುಟ್ಟಿದ್ದು 2017ರಲ್ಲಿ. ಹುಟ್ಟದೇ ಇದ್ದ ಅಂಗಡಿಗೆ ಅವರು ಹದಿನಾಲ್ಕು ವರ್ಷ ಮೊದಲೇ ದ್ರೋಹ ಬಗೆದರು ಎಂದು ವಾದಿಸುವುದು ಹೇಗೆ? ದೂರು ಕೊಟ್ಟವನೇ ಹೆಸರು ಕಸಿಯಲು ಬಂದಿದ್ದಾನೆ ಎಂದು ಬರೆಯುವ ಅಧಿಕಾರವೂ ತೀರ್ಪುಗಾರರಿಗಿದೆ. ನೋಟಿಸ್ ಬೇಡ ಎಂದೆ. ಇಂದಿಗೂ ಆ ನಿರ್ಧಾರಕ್ಕಾಗಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಇನ್ನೊಬ್ಬರ ಸಲಹೆಗೆ ಮಾತ್ರ ಮರುಳಾದೆ. "ಅಕ್ಟೋಬರ್‌ನಲ್ಲಿ ಅವಧಿ ಮುಗಿಯುತ್ತದಲ್ಲ, ಕಾದು ಹಿಡಿ" ಎಂದಿದ್ದರು. ಆ ದಿನ ಬೆಳಿಗ್ಗೆ ನೋಡಿದರೆ ಅವಧಿ 2023ಕ್ಕೆ ಹಾರಿತ್ತು. ಕೈಬಿಡುವುದರಲ್ಲಿದ್ದೆ, ಆದರೆ ಡಾಟ್ ಕಾಮ್‌ನಲ್ಲಿ ಮಾಲೀಕರು ಹಣ ಕಟ್ಟಲಿ ಬಿಡಲಿ, ಅವಧಿ ಮುಗಿದೊಡನೆ ಕೇಂದ್ರ ದಾಖಲೆಯಲ್ಲಿ ತಾನಾಗಿ ಒಂದು ವರ್ಷ ಮುಂದೆ ಹೋಗುತ್ತದೆ ಎಂದು ತಿಳಿಯಿತು. ಹಣ ಬಾರದಿದ್ದರೆ ನೋಂದಣಿ ಕಂಪನಿ 45 ದಿನಗಳೊಳಗೆ ಅದನ್ನು ರದ್ದು ಮಾಡಬಹುದು. ಆಮೇಲೂ ಮಾಲೀಕರು ಬಿಡಿಸಿಕೊಳ್ಳಲು 30 ದಿನ, ಅಳಿಸುವ ಮುನ್ನ ಇನ್ನೂ 5 ದಿನ. ಹೀಗೆ 80 ದಿನಗಳ ಲೆಕ್ಕ ಹಾಕಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಬಿಟ್ಟೊಡನೆ ಹಿಡಿದುಕೊಡುವ ಸೇವೆಯೊಂದಕ್ಕೆ ಹಣವನ್ನೂ ಕಟ್ಟಿ ಕುಳಿತೆ. ಎಂಎಕ್ಸ್ ದಾಖಲೆ ಒಂದು ದಿನವೂ ಅಲುಗಾಡಿರಲಿಲ್ಲ. ಹಣ ಕಟ್ಟದ ಡೊಮೇನಿನಲ್ಲಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮೇಲ್ ನಿಲ್ಲುತ್ತದೆ. ಅಂದರೆ ಮಾಲೀಕರು ಮೊದಲ ದಿನವೇ ಹಣ ಕಟ್ಟಿದ್ದರು. ಕಣ್ಣೆದುರಿಗಿದ್ದ ಆ ಸುಳಿವನ್ನು ನೋಡದೆ, ಸತ್ತವರ ಆಸ್ತಿಗೆ ಕಾದವನಂತೆ ಜನವರಿವರೆಗೆ ಕಾದೆ.

ಜನವರಿಯಲ್ಲಿ, ಹಳೆಯ ತಾಣಗಳ ಪುಟಗಳನ್ನು ಕಾಯ್ದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. 2006ರ ಒಂದು ಪುಟ ಉಳಿದಿತ್ತು: ಐದು ಫೋಟೊಗಳು, ಅಡಿಕೆ ತೋಟ, ಹೆಂಚಿನ ಮನೆ, ಜಗಲಿಯ ಮೇಲೆ ಕುಳಿತ ಅಜ್ಜಿ. ಅಡಿಯಲ್ಲಿ 0821 ಎಂದು ಶುರುವಾಗುವ ಮೈಸೂರಿನ ಸ್ಥಿರ ದೂರವಾಣಿ ಸಂಖ್ಯೆ. ಆ ಸಂಖ್ಯೆ ಅಸ್ತಿತ್ವದಲ್ಲಿರಲಿಲ್ಲ. ಆದರೆ ಹೆಂಚಿನ ಮನೆ ನೋಡಿದೊಡನೆ ನನಗೆ ನಗು ಬಂತು. ಇಷ್ಟು ದಿನ ಅಮೆರಿಕದಲ್ಲೋ ಚೀನಾದಲ್ಲೋ ಹೆಸರುಗಳನ್ನು ಹಿಡಿದಿಟ್ಟು ಮಾರುವ ಯಾವನೋ ದಲ್ಲಾಳಿ ಎಂದುಕೊಂಡಿದ್ದೆ. ಅವರು ಅದೇ ಕೇರಿಯವರು, ನಾವು ಹೆಸರು ಎರವಲು ಪಡೆದ ಕೇರಿ.

ಫೋಟೊ ಮುದ್ರಿಸಿಕೊಂಡು ಹೋದೆ. ದೇವಸ್ಥಾನದ ಮೊಕ್ತೇಸರರು ಕನ್ನಡಕ ಏರಿಸಿ ನೋಡಿ, "ಈ ಮನೆ ಬಿದ್ದು ಹತ್ತು ವರ್ಷ ಆಯಿತು. ಮಗ ಅಮೆರಿಕಕ್ಕೆ ಹೋಗಿ ಬಂದು ಈಗ ಮೈಸೂರಿನಲ್ಲಿದ್ದಾನೆ. ಪ್ರತಿ ವರ್ಷ ಶಿವರಾತ್ರಿ ಆದ ಮೇಲೆ ಅವನಿಗೆ ಅಂಚೆಯಲ್ಲಿ ಪ್ರಸಾದ ಕಳಿಸುತ್ತೇವೆ" ಎಂದರು. ವಿಳಾಸ ಕೇಳಿದೆ. ಕೊಡಲಿಲ್ಲ. "ಅವನನ್ನು ಕೇಳದೆ ಕೊಡಲು ಆಗುವುದಿಲ್ಲ ತಮ್ಮಾ. ನಿನ್ನ ಪತ್ರ ಕೊಡು, ಪ್ರಸಾದದ ಜೊತೆಗೆ ಹಾಕುತ್ತೇನೆ." ಗೋಪ್ಯತೆಯ ನಿಯಮವನ್ನು ಐಕ್ಯಾನ್‌ಗಿಂತ ಅವರು ಚೆನ್ನಾಗಿ ಪಾಲಿಸಿದರು, ಪತ್ರವನ್ನೂ ತಲುಪಿಸಿದರು.

ನಾನು ಮೊದಲು ಅದನ್ನು ಮೊಕ್ತೇಸರರ ಮೂಲಕ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸುವ ಯೋಚನೆಯಲ್ಲಿದ್ದೆ. ಹೆಂಡತಿ ಕೇಳಿದಳು: "ಸಹಿ ಹಾಕಿಸಿಕೊಂಡು ಕೊಡುವ ಲಕೋಟೆ ಬಂದರೆ ಯಾರಿಗೆ ಖುಷಿಯಾಗುತ್ತದೆ? ಕೋರ್ಟಿನದೋ ಬ್ಯಾಂಕಿನದೋ ಎಂದು ಎದೆ ಹೊಡೆದುಕೊಳ್ಳುವುದಿಲ್ಲವೇ?" ಸರಿ ಎನಿಸಿತು. ಕೈಯಲ್ಲಿ ಒಂದೇ ಪುಟ ಬರೆದೆ. ಯಾರು, ಎಲ್ಲಿಯವನು, ಹೆಸರು ಏಕೆ ಬೇಕು, ನನ್ನ ಮೊಬೈಲ್ ಸಂಖ್ಯೆ. ಮಾರಲು ಇಷ್ಟವಿಲ್ಲದಿದ್ದರೆ ಅಷ್ಟನ್ನು ತಿಳಿಸಿದರೂ ಸಾಕು, ಮತ್ತೆ ತೊಂದರೆ ಕೊಡುವುದಿಲ್ಲ ಎಂದೂ ಬರೆದೆ. ಬೆಲೆಯನ್ನು ಮೊದಲೇ ಹೇಳಬಾರದು ಎಂದು ಬಲ್ಲವರು ಹೇಳುತ್ತಾರೆ. ನಾನು ಅರವತ್ತು ಸಾವಿರ ರೂಪಾಯಿ ಎಂದು ಬರೆದೆ. ಅಂಕಿಯಿಲ್ಲದ ಪತ್ರ ಮೋಸಗಾರನ ಪತ್ರದ ಹಾಗೆ ಕಾಣುತ್ತದೆ, ಇದು ನನ್ನ ಅಭಿಪ್ರಾಯ.

ಶಿವರಾತ್ರಿ ಫೆಬ್ರುವರಿ 18ಕ್ಕಿತ್ತು. ಮಾರ್ಚ್ ಎರಡನೇ ವಾರ ಒಂದು ಸಂಜೆ ಫೋನ್ ಬಂತು. ಪರಿಚಯವಿಲ್ಲ, ಪೀಠಿಕೆಯಿಲ್ಲ. "ಹೋ, ಉಪ್ಪಿನಕಾಯಿಯವರು ನೀವೇ ಏನು? ನಿಮ್ಮ ಗಿರಾಕಿಗಳ ಕಾಟ ನನಗೆ ನಾಲ್ಕು ವರ್ಷದಿಂದ!"

ಆ ಡೊಮೇನಿನಲ್ಲಿ ಯಾವ ಹೆಸರಿಗೆ ಬರೆದರೂ ಒಂದೇ ಪೆಟ್ಟಿಗೆಗೆ ಬಂದು ಬೀಳುವ ವ್ಯವಸ್ಥೆಯನ್ನು ಅವರು ಮಾಡಿಕೊಂಡಿದ್ದರು. ಕೈತಪ್ಪಿ ಬರೆದವರ ಆರ್ಡರುಗಳೆಲ್ಲ ಅಲ್ಲಿಗೇ. "ಮಿಡಿ ಯಾವಾಗ ಕಳಿಸುತ್ತೀರಿ, ಹಪ್ಪಳ ಮುರಿದು ಬಂದಿದೆ ಎಂದೆಲ್ಲ ಬರುತ್ತಿತ್ತು. ಹೊಸ ನಮೂನೆಯ ಮೋಸ ಎಂದುಕೊಂಡೆ." ನನ್ನ ಮೇಲ್‌ಗಳನ್ನೂ ಓದಿದ್ದರಂತೆ. ಲಾಂಛನ, ಬಿರುದು, ಇಂಗ್ಲಿಷ್ ನೋಡಿ ಆ ಸಾಲಿಗೇ ಸೇರಿಸಿದ್ದರು.

ಬೆಲೆಯ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು. ಇಪ್ಪತ್ತು ವರ್ಷ ಕಟ್ಟಿದ ಶುಲ್ಕವನ್ನು ಬಡ್ಡಿ ಸಮೇತ ಕೂಡಿಸಿ, 'ನನ್ನ ತೊಂದರೆಯ ಬಾಬ್ತು' ಎಂದು ಇನ್ನೊಂದು ಸಾಲು ಸೇರಿಸಿ, ಎಂಬತ್ತೈದು ಸಾವಿರ ಎಂದರು. ಒಪ್ಪಿದೆ. ತೊಡಕು ಇದ್ದದ್ದು ಬೇರೆ ಕಡೆ. ಇಪ್ಪತ್ತು ವರ್ಷಗಳಿಂದ ಅವರ ಮೇಲ್ ವಿಳಾಸ ಅದೇ ಡೊಮೇನಿನದು. ಬ್ಯಾಂಕು, ಆದಾಯ ತೆರಿಗೆ, ಗ್ಯಾಸು, ವಿಮೆ, ಮಗಳ ಪತ್ರಗಳು, ಎಲ್ಲಕ್ಕೂ ಅದೇ. ಡೊಮೇನ್ ಯಾರ ಕೈಯಲ್ಲಿದೆಯೋ ಅವರು ಬೇಕೆಂದರೆ ಆ ವಿಳಾಸಕ್ಕೆ ಬರುವುದನ್ನೆಲ್ಲ ತಮ್ಮ ಕಡೆ ತಿರುಗಿಸಿಕೊಳ್ಳಬಹುದು, ಪಾಸ್‌ವರ್ಡ್ ಬದಲಿಸುವ ಕೊಂಡಿಗಳನ್ನೂ. ನಿವೃತ್ತ ಎಂಜಿನಿಯರ್ ಆದ ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಮೇಲೆ ಅನುಮಾನಪಟ್ಟರು ಎಂದು ಬೇಸರಿಸಿಕೊಳ್ಳಲು ಕಾರಣವಿರಲಿಲ್ಲ. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಹಾಗಾಗಿ ಛಾಪಾ ಕಾಗದದಲ್ಲಿ ಒಂದು ಪುಟದ ಒಪ್ಪಂದ ಮಾಡಿಕೊಂಡೆವು. ಅರ್ಧ ಹಣ ಆಗಲೇ, ಉಳಿದದ್ದು ಹಸ್ತಾಂತರದ ದಿನ. ಆರು ತಿಂಗಳಲ್ಲಿ ಅವರು ಒಂದೊಂದೇ ಖಾತೆಯನ್ನು ಹೊಸ ವಿಳಾಸಕ್ಕೆ ಬದಲಿಸಿಕೊಳ್ಳುವುದು. ಆಮೇಲೂ ಮೂರು ವರ್ಷ ಅವರ ಹಳೆಯ ವಿಳಾಸಕ್ಕೆ ಬಂದದ್ದನ್ನು ನಮ್ಮ ಕಡೆ ಉಳಿಸಿಕೊಳ್ಳದೆ ಅವರಿಗೆ ದಾಟಿಸುವುದು. ಪರಿಚಯವಿಲ್ಲದವರ ನಡುವೆ, ಅದರಲ್ಲೂ ದೇಶದಾಚೆ, ಹಣವನ್ನು ಮಧ್ಯಸ್ಥ ಖಾತೆಯಲ್ಲಿಡುವ ಎಸ್ಕ್ರೊ ಸೇವೆಯೇ ಸರಿಯಾದ ದಾರಿ. ನಮ್ಮ ನಡುವೆ ಮೊಕ್ತೇಸರರಿದ್ದರು.

ಸೆಪ್ಟೆಂಬರ್‌ನಲ್ಲಿ ಹಸ್ತಾಂತರಕ್ಕೆ ಕುಳಿತರೆ ನೋಂದಣಿ ಖಾತೆಯ ಒಳಗೆ ಹೋಗಲಾಗಲಿಲ್ಲ. ದೃಢೀಕರಣದ ಸಂಖ್ಯೆ ಅವರ ಹಳೆಯ ಅಮೆರಿಕದ ಮೊಬೈಲಿಗೆ ಹೋಗುತ್ತಿತ್ತು, ಅದನ್ನು ಅವರು ಬಿಟ್ಟು ಯಾವ ಕಾಲವಾಯಿತೋ. ಗುರುತಿನ ಚೀಟಿ ಕಳಿಸಿ, ಮತ್ತೆ ಕಳಿಸಿ, ಮೂರು ವಾರ ಹೋಯಿತು. ಆಮೇಲಿನದು ಹತ್ತು ನಿಮಿಷದ ಕೆಲಸ. ಬೇರೆ ಕಂಪನಿಗೆ ವರ್ಗಾಯಿಸುವುದಾದರೆ ಬೀಗ ತೆಗೆಸಿ, ಗುಪ್ತ ಸಂಕೇತ ಪಡೆದು ಕೆಲವು ದಿನ ಕಾಯಬೇಕು. ಅದರ ಬದಲು ನಾನೇ ಅವರ ಕಂಪನಿಯಲ್ಲಿ ಖಾತೆ ತೆರೆದೆ, ಅವರ ಖಾತೆಯಿಂದ ನನ್ನ ಖಾತೆಗೆ ಡೊಮೇನನ್ನು ಸರಿಸಿದರು. ಮಾಲೀಕರು ಬದಲಾದ ಮೇಲೆ 60 ದಿನ ಬೇರೆ ಕಂಪನಿಗೆ ಒಯ್ಯಲಾಗದಂತೆ ಬೀಗ ಬಿತ್ತು. ಬೀಳಲಿ, ನನಗೇನು ಅವಸರ?

ಉಳಿದ ಹಣ ಸೇರಿದ ರಾತ್ರಿ ಅವರಿಂದ ಒಂದು ಮೇಲ್ ಬಂತು. ನಾಲ್ಕು ವರ್ಷಗಳಲ್ಲಿ ಅವರ ಪೆಟ್ಟಿಗೆಯಲ್ಲಿ ಉಳಿದಿದ್ದ ನಮ್ಮ ಆರ್ಡರುಗಳು, ಒಟ್ಟು ಹದಿನೇಳು, ತಾರೀಖಿನ ಪ್ರಕಾರ ಜೋಡಿಸಿ ಕಳಿಸಿದ್ದರು. ತೀರ ಹಳೆಯದು 2019ರ ಮೇ ತಿಂಗಳದು, ಎರಡು ಕಿಲೊ ಮಿಡಿ ಬೇಕೆಂದು ಕೇಳಿದ್ದ ಧಾರವಾಡದ ಒಬ್ಬ ಮಹಿಳೆ. ಮರುದಿನ ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ. "ಈಗ ಹೇಳುತ್ತೀರಾ?" ಎಂದು ಬೈದರು. ಬೈದು ಮುಗಿದ ಮೇಲೆ ಒಂದು ಕಿಲೊ ಕಳಿಸಿ ಎಂದರು.